ಸರಿಗಮ ಬಂದರೆ ಪದನಿಸ ಬಂದಂತೆ: ಮ್ಯಾಂಡೊಲಿನ್ ಕಲಿಯುವವರಿಗೆ

ಮ್ಯಾಂಡೊಲಿನ್ ಮನೆಗೆ ಬಂದ ದಿನವೇ ಹೆಚ್ಚಿನವರು ಇಷ್ಟದ ಸಿನಿಮಾ ಹಾಡಿನ ಪಲ್ಲವಿ ಹುಡುಕಲು ಕೂರುತ್ತಾರೆ. ತಡಕಾಡಿ ತಡಕಾಡಿ ಎರಡು ಸಾಲು ಸಿಗುತ್ತವೆ. ಚರಣಕ್ಕೆ ಬರುವ ಹೊತ್ತಿಗೆ ಬೆರಳು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಒಂದೆರಡು ವಾರ ಕಳೆದ ಮೇಲೆ ವಾದ್ಯ ಬೀರುವಿನ ಮೇಲೆ ಸೇರಿಕೊಳ್ಳುತ್ತದೆ. ಇವರಿಗೆ ಕಿವಿ ಇಲ್ಲ ಎಂದಲ್ಲ. ಪಲ್ಲವಿ ಹುಡುಕಿಕೊಂಡವರಿಗೆ ಕಿವಿ ಚೆನ್ನಾಗಿಯೇ ಇದೆ. ಯಾವ ಸ್ವರ ಎಲ್ಲಿದೆ ಎಂಬುದು ಬೆರಳಿಗೆ ಗೊತ್ತಿಲ್ಲ, ಅಷ್ಟೇ. ಅದನ್ನು ಬೆರಳಿಗೆ ಕಲಿಸುವುದೇ ಸ್ಕೇಲ್ ಅಭ್ಯಾಸ. ನಮ್ಮಲ್ಲಿ ಅದಕ್ಕೆ ಸರಳೆ ವರಸೆ ಎಂಬ ಸಿದ್ಧ ದಾರಿಯೇ ಇದೆ.

ಹೊಸಕೋಟೆಯ ಮಗ್ಗುಲಿನ ಪಿಲ್ಲಗುಂಪೆಯಂಥ ಕೈಗಾರಿಕಾ ಪ್ರದೇಶದಲ್ಲಿ ಇರುವವರಿಗೆ ಮ್ಯಾಂಡೊಲಿನ್ ಹೇಳಿ ಮಾಡಿಸಿದ ವಾದ್ಯ ಎಂದು ನನಗೆ ಅನ್ನಿಸುತ್ತದೆ. ಇಲ್ಲಿ ಶಿಫ್ಟ್ ಕೆಲಸ, ಬಾಡಿಗೆ ರೂಮು, ಪಕ್ಕದ ರೂಮಿನಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದವರು. ವೀಣೆ ಇಡಲು ಜಾಗವಿಲ್ಲ, ಕೀಬೋರ್ಡಿಗೆ ಮೇಜು ಬೇಕು. ಮ್ಯಾಂಡೊಲಿನ್ ಆದರೆ ಮಂಚದ ಕೆಳಗೆ ಹಿಡಿಯುತ್ತದೆ, ಊರಿಗೆ ಹೋಗುವಾಗ ಬಸ್ಸಿನಲ್ಲಿ ತೊಡೆಯ ಮೇಲೆ ಕೂರುತ್ತದೆ. ತಂತಿಗಳನ್ನು ಹೊತ್ತು ನಿಂತ ಕುದುರೆಯ (ಬ್ರಿಡ್ಜ್) ಹತ್ತಿರ ತಂತಿಗಳ ಅಡಿಗೆ ಮಡಿಸಿದ ಬಟ್ಟೆ ತುರುಕಿದರೆ ಸದ್ದು ನಿಮಗಷ್ಟೇ ಕೇಳುವಷ್ಟು ತಗ್ಗುತ್ತದೆ. ಒಂದು ಎಚ್ಚರಿಕೆ: ಮಷಿನ್ ಮೇಲೆ ಕೆಲಸ ಮಾಡಿ ಬಂದವರು ಸೋಪು ಹಾಕಿ ಕೈ ತೊಳೆದೇ ವಾದ್ಯ ಮುಟ್ಟಬೇಕು. ಬೆವರು, ಎಣ್ಣೆ ತಾಗಿದ ಉಕ್ಕಿನ ತಂತಿ ಬೇಗ ಕಪ್ಪಾಗಿ ನಾದ ಮಂಕಾಗುತ್ತದೆ. ನುಡಿಸಿ ಮುಗಿಸಿದ ಮೇಲೆ ಒಣ ಬಟ್ಟೆಯಿಂದ ತಂತಿ ಒರೆಸುವ ಅಭ್ಯಾಸವನ್ನೂ ಮೊದಲ ದಿನದಿಂದಲೇ ಇಟ್ಟುಕೊಳ್ಳಿ.

ಇದು ಇಟಲಿಯ ವಾದ್ಯ. ಕರ್ನಾಟಕ ಸಂಗೀತಕ್ಕೆ ಒಗ್ಗುತ್ತದೆಯೇ ಎಂದು ಕೇಳುವವರು ಇನ್ನೂ ಇದ್ದಾರೆ. ಅದಕ್ಕೆ ಉತ್ತರ ಯು. ಶ್ರೀನಿವಾಸ್. 1969ರಲ್ಲಿ ಆಂಧ್ರದ ಪಾಲಕೊಲ್ಲುವಿನಲ್ಲಿ ಹುಟ್ಟಿದ ಅವರು ಆರನೇ ವಯಸ್ಸಿಗೆ ತಂದೆಯ ಮ್ಯಾಂಡೊಲಿನ್ ಕೈಗೆತ್ತಿಕೊಂಡರು. ಹುಡುಗನಾಗಿದ್ದಾಗಲೇ ದೊಡ್ಡ ವೇದಿಕೆಗಳಲ್ಲಿ ಕಛೇರಿ ಕೊಟ್ಟರು. 1998ರಲ್ಲಿ ಪದ್ಮಶ್ರೀ ಬಂತು. 2014ರಲ್ಲಿ, ನಲವತ್ತೈದನೇ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಈ ವಾದ್ಯಕ್ಕೆ ಕಛೇರಿಯಲ್ಲಿ ಯಾರೂ ಪ್ರಶ್ನಿಸದ ಸ್ಥಾನ ಕೊಡಿಸಿದ್ದರು. ಹೊಸದಾಗಿ ಕಲಿಯುವವರು ಅವರ ಧ್ವನಿಮುದ್ರಿಕೆ ಕೇಳಲೇಬೇಕು. ಆದರೆ ಅವರ ಕೈಯಲ್ಲಿದ್ದದ್ದು ಐದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್. ಅಂಗಡಿಯಲ್ಲಿ ನಿಮಗೆ ಸಿಗುವುದು ನಾಲ್ಕು ಜೋಡಿ, ಅಂದರೆ ಎಂಟು ತಂತಿಗಳದ್ದು. ಎರಡೂ ಒಂದೇ ರೀತಿ ಮಾತಾಡುವುದಿಲ್ಲ. ಜೋಡಿ ತಂತಿ ಸದ್ದನ್ನು ಹೆಚ್ಚಿಸುತ್ತದೆ. ನಮ್ಮ ಮೈಸೂರು ಟಿ. ಚೌಡಯ್ಯನವರು ಪಿಟೀಲಿಗೆ ಜೊತೆತಂತಿ ಕಟ್ಟಿ ಏಳು ತಂತಿಯ ಪಿಟೀಲು ಮಾಡಿದ್ದು ಇದೇ ಕಾರಣಕ್ಕೆ. ಒಂಟಿ ತಂತಿಯನ್ನಾದರೆ ಎಳೆದು ಗಮಕ ತರುವುದು ಸುಲಭ. ಸದ್ದನ್ನು ವಿದ್ಯುತ್ತು ನೋಡಿಕೊಳ್ಳುವುದರಿಂದ ಶ್ರೀನಿವಾಸ್ ಜೋಡಿಯನ್ನು ಬಿಟ್ಟುಕೊಡಬಹುದಿತ್ತು. ಸ್ಕೇಲ್ ಕಲಿಯುವ ಹಂತದಲ್ಲಿ ಈ ವ್ಯತ್ಯಾಸದಿಂದ ತೊಂದರೆ ಇಲ್ಲ. ಎಂಟು ತಂತಿಯ ಸಾದಾ ವಾದ್ಯವೇ ಸಾಕು.

ಕೊಳ್ಳುವಾಗ, ಶ್ರುತಿ ಮಾಡುವಾಗ

ಬೆಂಗಳೂರಿನ ಬಳೇಪೇಟೆಯ ವಾದ್ಯದ ಅಂಗಡಿಗಳಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದು ಒಳ್ಳೆಯದು. ಬೆನ್ನು ಚಪ್ಪಟೆಯಾಗಿರುವುದನ್ನೇ ಆರಿಸಿ. ಬುರುಡೆಯಂತೆ ಉಬ್ಬಿದ್ದು ಮಡಿಲಲ್ಲಿ ಜಾರುತ್ತದೆ. ಒಂದೊಂದು ಜೋಡಿಯ ಮೇಲೂ ಪ್ರತಿಯೊಂದು ಫ್ರೆಟ್ ಒತ್ತಿ ಮೀಟಿ ನೋಡಿ, ಎಲ್ಲಿಯೂ ಜರ್ ಎನ್ನಬಾರದು. ಹನ್ನೆರಡನೇ ಫ್ರೆಟ್ಟಿನ ಹತ್ತಿರ ತಂತಿ ತೀರಾ ಎತ್ತರದಲ್ಲಿದ್ದರೆ ಹೊಸ ಬೆರಳು ಸೋಲುತ್ತದೆ. ಎರಡು ಮಿಲಿಮೀಟರ್ ಒಳಗಿದ್ದರೆ ಒಳ್ಳೆಯದು.

ಮ್ಯಾಂಡೊಲಿನ್ನಿನ ಕುದುರೆಯನ್ನು ಅಂಟಿಸಿರುವುದಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ತಂತಿಗಳ ಒತ್ತಡದಲ್ಲಿ ಅದು ಸುಮ್ಮನೆ ನಿಂತಿರುತ್ತದೆ. ಬಸ್ಸಿನಲ್ಲಿ ತಗುಲಿ ಸ್ವಲ್ಪ ಸರಿದರೂ ಸಾಕು, ಬೆರಳಿಡದ ಬಿಡಿ ತಂತಿ ಶ್ರುತಿಯಲ್ಲಿದ್ದರೂ ಮೇಲಿನ ಫ್ರೆಟ್ಟುಗಳ ಸ್ವರ ಕೆಡುತ್ತದೆ. ಕಲಿಯುವವರು ತಮ್ಮ ಕಿವಿಯನ್ನೇ ಬೈದುಕೊಳ್ಳುತ್ತಾರೆ. ಪರೀಕ್ಷೆ ಸುಲಭ: ಹನ್ನೆರಡನೇ ಫ್ರೆಟ್ಟಿನ ಲೋಹದ ನೇರಕ್ಕೆ ತಂತಿಯನ್ನು ಒತ್ತದೆ ಬೆರಳು ಸೋಕಿಸಿ ಮೀಟಿ, ಗಂಟೆಯಂಥ ನಾದ ಬರುತ್ತದೆ. ಆಮೇಲೆ ಅದೇ ಫ್ರೆಟ್ ಒತ್ತಿ ಮೀಟಿ. ಎರಡೂ ಒಂದೇ ಇರಬೇಕು. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಬೇಕು. ತಂತಿ ಬದಲಾಯಿಸುವಾಗಲೂ ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ, ಕುದುರೆ ಕಳಚಿ ಬೀಳುತ್ತದೆ. ಒಂದೊಂದಾಗಿ ಬದಲಾಯಿಸಿ.

ಶ್ರುತಿ ಮಾಡಲು ಮೊಬೈಲಿನ ಟ್ಯೂನರ್ ಸಾಕು. ದಪ್ಪ ಜೋಡಿಯಿಂದ ಸಣ್ಣ ಜೋಡಿಯ ಕಡೆಗೆ ಜಿ, ಡಿ, ಎ, ಇ. ದಪ್ಪದ್ದು ನಾಲ್ಕನೇ ತಂತಿ, ಅತಿ ಸಣ್ಣದು ಒಂದನೇ ತಂತಿ. ಜೋಡಿಯ ಎರಡೂ ತಂತಿ ಒಂದೇ ಆಗಿ ಕೇಳಬೇಕು. ನಡುವೆ ಅಲೆ ಅಲೆಯಾಗಿ ನಡುಗುತ್ತಿದ್ದರೆ ಇನ್ನೂ ಕೂಡಿಲ್ಲ ಎಂದರ್ಥ. ತಂಬೂರಿ ಆ್ಯಪಿನಲ್ಲಿ ಜಿ ಶ್ರುತಿ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆ ಇಟ್ಟುಕೊಳ್ಳಿ. ನಾಲ್ಕನೇ ತಂತಿಯ ಬಿಡಿ ನಾದವೇ ನಿಮ್ಮ ಷಡ್ಜ.

ಅರ್ಧ ಕಲಿತರೆ ಪೂರ್ತಿ

ಈಗ ಮುಖ್ಯ ವಿಷಯ. ಒಂದು ಸ್ಥಾಯಿಗೆ ಹನ್ನೆರಡು ಸ್ವರಸ್ಥಾನ, ಹನ್ನೆರಡು ಫ್ರೆಟ್. ಬಿಡಿ ತಂತಿ ಷಡ್ಜ ಎಂದಿಟ್ಟುಕೊಂಡರೆ ಒಂದನೇ ಫ್ರೆಟ್ ಶುದ್ಧ ರಿಷಭ, ಎರಡನೆಯದು ಚತುಃಶ್ರುತಿ ರಿಷಭ, ಮೂರು ಸಾಧಾರಣ ಗಾಂಧಾರ, ನಾಲ್ಕು ಅಂತರ ಗಾಂಧಾರ, ಐದು ಶುದ್ಧ ಮಧ್ಯಮ, ಆರು ಪ್ರತಿ ಮಧ್ಯಮ, ಏಳು ಪಂಚಮ. ಆದರೆ ಏಳರವರೆಗೆ ಹೋಗುವ ಅಗತ್ಯವೇ ಇಲ್ಲ. ಪಕ್ಕದ ಮೂರನೇ ತಂತಿಯನ್ನು ಬಿಡಿಯಾಗಿ ಮೀಟಿದರೆ ಅದೇ ಪಂಚಮ! ನಾಲ್ಕು ಜೋಡಿಗಳನ್ನೂ ಒಂದರಿಂದೊಂದು ಪಂಚಮದಷ್ಟು ದೂರಕ್ಕೆ ಕಟ್ಟಿರುವುದರ ಲಾಭ ಇದು.

ಸರಳೆ ವರಸೆ ಕಲಿಸುವ ರಾಗವಾದ ಮಾಯಾಮಾಳವಗೌಳವನ್ನು ಈ ಲೆಕ್ಕದಲ್ಲಿ ಇಡೋಣ. ನಾಲ್ಕನೇ ತಂತಿಯ ಮೇಲೆ ಸ ರಿ ಗ ಮ: ಬಿಡಿ, ಒಂದು, ನಾಲ್ಕು, ಐದು. ಮೂರನೇ ತಂತಿಯ ಮೇಲೆ ಪ ದ ನಿ ಸ: ಬಿಡಿ, ಒಂದು, ನಾಲ್ಕು, ಐದು. ಅದೇ ಬೆರಳು, ಅದೇ ಅಳತೆ, ತಂತಿ ಮಾತ್ರ ಬೇರೆ. ಕೆಳಮನೆಯ ನಕ್ಷೆಯನ್ನೇ ಮಹಡಿಗೂ ಹಾಕಿ ಕಟ್ಟಿದ ಮನೆಯ ಹಾಗೆ. ಪೂರ್ವಾಂಗ (ಸರಿಗಮ) ಕಲಿತವರು ಉತ್ತರಾಂಗವನ್ನು (ಪದನಿಸ) ಹೊಸದಾಗಿ ಕಲಿಯಬೇಕಿಲ್ಲ.

ಸರಳೆ ವರಸೆಯ ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂಬುದು ನಮ್ಮ ಪರಂಪರೆಯ ನಂಬಿಕೆ; ಕರ್ನಾಟಕ ಸಂಗೀತ ಪಿತಾಮಹ ಎಂಬ ಹೆಸರು ಅವರಿಗೆ ಬಂದದ್ದೂ ಆ ಕಾರಣಕ್ಕೇ. ಹದಿನಾರನೇ ಶತಮಾನದಲ್ಲಿ ಕಂಠಕ್ಕೆಂದು ಆರಿಸಿದ ರಾಗ ಇಂದು ಮ್ಯಾಂಡೊಲಿನ್ನಿನ ಬೆರಳಿಗೆ ಇಷ್ಟು ಒಪ್ಪವಾಗಿ ಕೂರುವುದನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಈ ರಾಗದಲ್ಲಿ ಸ-ರಿ ನಡುವೆ ಅತಿ ಚಿಕ್ಕ ಅಂತರ, ರಿ-ಗ ನಡುವೆ ದೊಡ್ಡ ಅಂತರ, ಗ-ಮ ನಡುವೆ ಮತ್ತೆ ಚಿಕ್ಕದು. ಕಿವಿಗೆ ವ್ಯತ್ಯಾಸ ಎದ್ದು ಕೇಳುವುದರಿಂದ ತಪ್ಪು ಫ್ರೆಟ್ ಒತ್ತಿದರೆ ಆ ಕ್ಷಣವೇ ಗೊತ್ತಾಗುತ್ತದೆ.

ಬೆರಳಿನ ವಿಚಾರಕ್ಕೆ ಬನ್ನಿ. ಒಂದು, ಎರಡನೇ ಫ್ರೆಟ್ಟಿಗೆ ತೋರುಬೆರಳು, ಮೂರು, ನಾಲ್ಕಕ್ಕೆ ನಡುಬೆರಳು, ಐದು, ಆರಕ್ಕೆ ಉಂಗುರಬೆರಳು, ಏಳಕ್ಕೆ ಕಿರುಬೆರಳು. ಮಾಯಾಮಾಳವಗೌಳದಲ್ಲಿ ರಿಷಭಕ್ಕೆ ತೋರುಬೆರಳು, ಗಾಂಧಾರಕ್ಕೆ ನಡುಬೆರಳು, ಮಧ್ಯಮಕ್ಕೆ ಉಂಗುರಬೆರಳು. ಒಂದನೇ ಫ್ರೆಟ್ಟಿನಿಂದ ನಾಲ್ಕನೆಯದಕ್ಕೆ ಸುಮಾರು ಐದು ಸೆಂಟಿಮೀಟರ್ ದೂರ. ಮೊದಲ ದಿನಗಳಲ್ಲಿ ತೋರುಬೆರಳಿಗೂ ನಡುಬೆರಳಿಗೂ ನಡುವೆ ಎಳೆತ ಅನ್ನಿಸುತ್ತದೆ. ತೀರಾ ನೋವಾದರೆ ಒಂದು ವಾರ ಶಂಕರಾಭರಣದಲ್ಲಿ ಅಭ್ಯಾಸ ಮಾಡಿ: ಬಿಡಿ, ಎರಡು, ನಾಲ್ಕು, ಐದು, ಮತ್ತೆ ಪಕ್ಕದ ತಂತಿಯಲ್ಲಿ ಬಿಡಿ, ಎರಡು, ನಾಲ್ಕು, ಐದು. ಪಾಶ್ಚಾತ್ಯ ಪುಸ್ತಕಗಳು ಜಿ ಮೇಜರ್ ಸ್ಕೇಲ್ ಎನ್ನುವುದೂ ಇದನ್ನೇ. ಕೈ ಪಳಗಿದ ಮೇಲೆ ಮಾಯಾಮಾಳವಗೌಳಕ್ಕೆ ಬನ್ನಿ.

ಬೆರಳನ್ನು ಎರಡು ಫ್ರೆಟ್ಟುಗಳ ನಡುಮಧ್ಯೆ ಅಲ್ಲ, ಲೋಹದ ಪಟ್ಟಿಗೆ ತಾಗಿದಂತೆ ಅದರ ಹಿಂಬದಿಯಲ್ಲಿ ಒತ್ತಬೇಕು. ಅಲ್ಲಿ ಅರ್ಧದಷ್ಟು ಬಲ ಸಾಕಾಗುತ್ತದೆ. ಜೋಡಿಯ ಎರಡೂ ತಂತಿ ಬೆರಳ ತುದಿಯಡಿ ಸಮನಾಗಿ ಸಿಗಬೇಕು. ಒಂದೇ ಸಿಕ್ಕರೆ ಸ್ವರ ಒಡೆದು ಕೇಳುತ್ತದೆ. ಏರುವಾಗ ರಿಷಭದ ಬೆರಳನ್ನು ಎತ್ತದೆ ಗಾಂಧಾರ ಇಡಿ, ಅದನ್ನೂ ಎತ್ತದೆ ಮಧ್ಯಮ ಇಡಿ. ಇಳಿಯುವಾಗ ಬೆರಳುಗಳು ಆಗಲೇ ತಮ್ಮ ಜಾಗದಲ್ಲಿರುತ್ತವೆ, ಒಂದೊಂದಾಗಿ ಎತ್ತುತ್ತ ಬಂದರೆ ಅವರೋಹಣ ತಾನಾಗಿ ಬರುತ್ತದೆ. ಬೆರಳ ತುದಿ ಮೊದಮೊದಲು ಉರಿಯುತ್ತದೆ. ಉರಿ ಜಾಸ್ತಿಯಾದರೆ ಅವತ್ತಿಗೆ ನಿಲ್ಲಿಸಿ. ದಿನಾ ಸ್ವಲ್ಪ ಸ್ವಲ್ಪ ನುಡಿಸಿದರೆ ಚರ್ಮ ಜಡ್ಡುಗಟ್ಟುತ್ತದೆ, ಭಾನುವಾರ ಒಂದೇ ದಿನ ಗಂಟೆಗಟ್ಟಲೆ ತಿಕ್ಕಿದರೆ ಗುಳ್ಳೆ ಏಳುತ್ತದೆ.

ಬಲಗೈ

ಪಿಕ್ಕನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಪಕ್ಕೆಯ ನಡುವೆ ಸಡಿಲವಾಗಿ ಹಿಡಿಯಿರಿ, ತುದಿ ಮಾತ್ರ ಹೊರಗಿರಲಿ. ಒಂದು ಮೀಟು ಕೆಳಕ್ಕೆ, ಒಂದು ಮೇಲಕ್ಕೆ. ಸ ಕೆಳಕ್ಕೆ, ರಿ ಮೇಲಕ್ಕೆ, ಗ ಕೆಳಕ್ಕೆ, ಮ ಮೇಲಕ್ಕೆ, ಪ ಮತ್ತೆ ಕೆಳಕ್ಕೆ. ಈ ಕ್ರಮ ಎಂದೂ ಮುರಿಯಬಾರದು. ಎಲ್ಲವನ್ನೂ ಕೆಳಮೀಟಿನಲ್ಲೇ ನುಡಿಸಲು ಶುರು ಮಾಡಿದವರು ಎರಡನೇ ಕಾಲದಲ್ಲಿ, ಅಂದರೆ ಇಮ್ಮಡಿ ವೇಗದಲ್ಲಿ, ಕೈಸೋಲುತ್ತಾರೆ, ಆಮೇಲೆ ತಿದ್ದಿಕೊಳ್ಳುವುದು ಬಲು ಕಷ್ಟ.

ಎಡವುವ ಜಾಗವೂ ನಿಗದಿಯಾಗಿದೆ: ಮ-ಪ ದಾಟುವ ಕಡೆ. ಮಧ್ಯಮದ ಮೇಲ್ಮೀಟು ಮುಗಿದಾಗ ಪಿಕ್ಕು ನಾಲ್ಕನೇ ಜೋಡಿಯ ಮೇಲ್ಗಡೆ ಇರುತ್ತದೆ, ಪಂಚಮದ ಕೆಳಮೀಟಿಗೆ ಅದು ಆ ಜೋಡಿಯನ್ನು ಹಾರಿ ಬರಬೇಕು. ಇಳಿಯುವಾಗ ಪಂಚಮದ ಮೇಲ್ಮೀಟು ಮುಗಿದಾಗ ಪಿಕ್ಕು ಎರಡು ಜೋಡಿಗಳ ನಡುವೆ ಇರುತ್ತದೆ, ಮಧ್ಯಮಕ್ಕೆ ನಾಲ್ಕನೇ ಜೋಡಿಯನ್ನು ಹಾರಿ ಮೇಲೆ ಹೋಗಿ ಕೆಳಗೆ ಬರಬೇಕು. ಹಾರದೆ ಎಳೆದರೆ ತಂತಿಗೆ ಸಿಕ್ಕಿ ಲಯ ತಪ್ಪುತ್ತದೆ. ಆದ್ದರಿಂದ ಇಡೀ ವರಸೆಯನ್ನು ಮತ್ತೆ ಮತ್ತೆ ನುಡಿಸುವ ಬದಲು ಗ ಮ ಪ ದ, ದ ಪ ಮ ಗ ಇಷ್ಟನ್ನೇ ತೆಗೆದುಕೊಂಡು ನಿಧಾನವಾಗಿ ತಿದ್ದಿ. ಕೈ ಮೊಣಕೈಯಿಂದ ಅಲ್ಲ, ಮಣಿಕಟ್ಟಿನಿಂದ ಆಡಬೇಕು.

ಜಂಟಿ ವರಸೆಯಂತೂ ಈ ವಾದ್ಯಕ್ಕೇ ಬರೆದಂತಿದೆ. ಸಸ ರಿರಿ ಗಗ ಮಮ: ಪ್ರತಿ ಸ್ವರಕ್ಕೂ ಒಂದು ಕೆಳಮೀಟು, ಒಂದು ಮೇಲ್ಮೀಟು. ಎರಡೂ ಒಂದೇ ತೂಕದಲ್ಲಿ ಕೇಳಬೇಕು. ಹೊಸಬರ ಮೇಲ್ಮೀಟು ಯಾವಾಗಲೂ ತೆಳು. ಜಂಟಿಯಲ್ಲಿ ಅದು ಬಯಲಾಗುತ್ತದೆ, ಅಲ್ಲೇ ಸರಿಹೋಗುತ್ತದೆ. ಮ್ಯಾಂಡೊಲಿನ್ ಎಂದರೆ ಎಲ್ಲರಿಗೂ ನೆನಪಾಗುವ ಆ ನಡುಗುವ ನಾದ, ಟ್ರೆಮೊಲೊ, ಇದರ ಮುಂದಿನ ಹಂತವಷ್ಟೇ. ಜಂಟಿ ಸಮವಾಗುವ ಮೊದಲು ಟ್ರೆಮೊಲೊಗೆ ಕೈಹಾಕಬೇಡಿ.

ತಾಳಕ್ಕೆ ಮೊಬೈಲಿನ ಮೆಟ್ರೊನೋಮ್ ಅರವತ್ತಕ್ಕೆ ಇಡಿ. ಮೊದಲ ಕಾಲದಲ್ಲಿ ಒಂದು ಬಡಿತಕ್ಕೆ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಬಡಿತದ ವೇಗ ಬದಲಾಗುವುದಿಲ್ಲ, ಸ್ವರಗಳು ಹೆಚ್ಚುತ್ತವೆ ಅಷ್ಟೇ. ಮೂರನೇ ಕಾಲದಲ್ಲಿ ಒಂದು ಸ್ವರ ಮಂಕಾದರೂ ಎರಡನೇ ಕಾಲಕ್ಕೆ ಇಳಿಯಿರಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು: ಸ್ವಲ್ಪ ಹೊತ್ತು ತಂಬೂರಿಯ ಜೊತೆ ಬಿಡಿ ಸ್ವರ, ಆಮೇಲೆ ಸರಳೆ, ಕೊನೆಗೆ ಜಂಟಿ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಇಲ್ಲಿ ಒತ್ತಿ ಹೇಳುತ್ತೇನೆ: ಹಾಡುತ್ತ ನುಡಿಸಿ. ಕಂಠ ಚೆನ್ನಾಗಿರಬೇಕೆಂದೇನಿಲ್ಲ, ಗುನುಗಿದರೂ ಆಯಿತು. ಮೊದಲು ಸ್ವರವನ್ನು ಬಾಯಲ್ಲಿ ಹೇಳಿ, ನಂತರ ಬೆರಳಿಡಿ. ಬೆರಳು ಮೊದಲು ಹೋಗಿ ಬಾಯಿ ಹಿಂಬಾಲಿಸಿದರೆ ನೀವು ಕಲಿಯುತ್ತಿರುವುದು ಫ್ರೆಟ್ಟಿನ ನಂಬರು, ರಾಗವಲ್ಲ. ಕೆಲವು ಪುಸ್ತಕಗಳು ಪೂರ್ತಿ ನಂಬರಿನಲ್ಲೇ ಪಾಠ ಬರೆಯುತ್ತವೆ. ಅವುಗಳಿಂದ ಹಾಡು ಬೇಗ ಬರುತ್ತದೆ ನಿಜ, ಪುಸ್ತಕ ಮುಚ್ಚಿದರೆ ಕೈ ನಿಲ್ಲುತ್ತದೆ. ಈ ಲೇಖನದ ನಂಬರುಗಳೂ ಮೊದಲ ಕೆಲವು ದಿನಕ್ಕೆ ಮಾತ್ರ.

ಒಂದು ಆಕಾರ, ಆರು ರಾಗ

ಎರಡು ತಂತಿಯ ಮೇಲೆ ಒಂದೇ ಬೆರಳು ಎಂಬ ಸೌಲಭ್ಯ ಮಾಯಾಮಾಳವಗೌಳಕ್ಕೆ ಮಾತ್ರ ಸೀಮಿತವಲ್ಲ. ಎಪ್ಪತ್ತೆರಡು ಮೇಳಕರ್ತ (ಮೂಲ) ರಾಗಗಳ ಪೈಕಿ ಶುದ್ಧ ಮಧ್ಯಮದ ಆರು ಮೇಳಗಳಲ್ಲಿ ಪೂರ್ವಾಂಗ ಮತ್ತು ಉತ್ತರಾಂಗ ಒಂದೇ ಅಳತೆಯವು: 1ನೆಯ ಕನಕಾಂಗಿ, 8ನೆಯ ಹನುಮತೋಡಿ, 15ನೆಯ ಮಾಯಾಮಾಳವಗೌಳ, 22ನೆಯ ಖರಹರಪ್ರಿಯ, 29ನೆಯ ಧೀರಶಂಕರಾಭರಣ, 36ನೆಯ ಚಲನಾಟ. ಏಳೇಳರ ಅಂತರದಲ್ಲಿ ಬರುತ್ತವೆ, ನೆನಪಿಡುವುದೂ ಸುಲಭ. ತೋಡಿಗೆ ಬಿಡಿ, ಒಂದು, ಮೂರು, ಐದು. ಖರಹರಪ್ರಿಯಕ್ಕೆ ಬಿಡಿ, ಎರಡು, ಮೂರು, ಐದು. ಪಕ್ಕದ ತಂತಿಯ ಮೇಲೂ ಅದೇ. ಕನಕಾಂಗಿ, ಚಲನಾಟಗಳನ್ನು ಹೊಸಬರು ಸದ್ಯಕ್ಕೆ ಬಿಡಬಹುದು. ಕಲ್ಯಾಣಿ ಬೇಕೆಂದರೆ ಶಂಕರಾಭರಣದ ಮಧ್ಯಮವನ್ನು ಒಂದು ಫ್ರೆಟ್ ಮೇಲೆ, ಆರಕ್ಕೆ ಏರಿಸಿದರಾಯಿತು. ಮೂರನೇ ತಂತಿಯ ಕೆಲಸ ಬದಲಾಗುವುದಿಲ್ಲ.

ಷಡ್ಜವನ್ನು ಬೇರೆ ಶ್ರುತಿಗೆ ಸರಿಸಬೇಕಾದಾಗಲೂ ಇದೇ ಸೂತ್ರ. ನಾಲ್ಕನೇ ತಂತಿಯ ಯಾವ ಫ್ರೆಟ್ಟನ್ನು ಷಡ್ಜ ಮಾಡಿಕೊಂಡರೂ ಪಂಚಮ ಪಕ್ಕದ ತಂತಿಯ ಅದೇ ಫ್ರೆಟ್ಟಿನಲ್ಲಿ ಕಾದಿರುತ್ತದೆ. ಗಂಡಸರ ಕಂಠಕ್ಕೆ ಒಗ್ಗುವ ಒಂದನೇ ಮನೆ ಶ್ರುತಿ ಐದನೇ ಫ್ರೆಟ್ಟಿನಲ್ಲಿದೆ.

ತಾರಸ್ಥಾಯಿಗೆ ಹೋದಾಗ ಮಾತ್ರ ಒಂದು ತೊಡಕು ಬರುತ್ತದೆ. ತಾರ ಷಡ್ಜ ಸಿಗುವುದು ಮೂರನೇ ತಂತಿಯ ಐದನೇ ಫ್ರೆಟ್ಟಿನಲ್ಲಿ. ಎರಡನೇ ತಂತಿಯ ಬಿಡಿ ನಾದ ಷಡ್ಜವಲ್ಲ, ಚತುಃಶ್ರುತಿ ರಿಷಭ. ಕಲಿತ ಆಕಾರ ಅಲ್ಲಿ ತಪ್ಪುತ್ತದೆ. ಇದಕ್ಕೆ ನಮ್ಮ ಪಿಟೀಲು ವಿದ್ವಾಂಸರು ಎಂದೋ ಪರಿಹಾರ ಕಂಡುಕೊಂಡಿದ್ದಾರೆ. ಅವರು ತಂತಿಗಳನ್ನು ಸ-ಪ-ಸ-ಪ ಎಂದು ಕಟ್ಟುತ್ತಾರೆ. ಮ್ಯಾಂಡೊಲಿನ್ನಿನಲ್ಲೂ ಎರಡನೇ ಮತ್ತು ಒಂದನೇ ಜೋಡಿಗಳನ್ನು ಎರಡು ಫ್ರೆಟ್ಟಿನಷ್ಟು ಇಳಿಸಿ ಜಿ, ಡಿ, ಜಿ, ಡಿ ಮಾಡಿದರೆ ಸ-ಪ-ಸ-ಪ ಸಿಗುತ್ತದೆ. ಮೂರನೇ ತಂತಿಯ ಐದನೇ ಫ್ರೆಟ್ಟೂ ಎರಡನೇ ತಂತಿಯ ಬಿಡಿ ನಾದವೂ ಒಂದಾದರೆ ಶ್ರುತಿ ಸರಿ ಎಂದರ್ಥ. ಈಗ ಮೊದಲ ಐದು ಫ್ರೆಟ್ಟುಗಳೊಳಗೆ, ಕೈ ಸರಿಸದೆ, ಎರಡು ಪೂರ್ತಿ ಸ್ಥಾಯಿ. ನಾಲ್ಕೂ ತಂತಿಗೆ ಒಂದೇ ಬೆರಳು. ಸಿನಿಮಾ ಹಾಡು, ಸುಗಮ ಸಂಗೀತಕ್ಕೆ ಕಾರ್ಡ್ ಹಿಡಿಯಬೇಕೆನ್ನುವವರಿಗೆ ಜಿ-ಡಿ-ಎ-ಇ ಇರಲಿ. ಕರ್ನಾಟಕ ಶಾಸ್ತ್ರೀಯವೇ ಗುರಿಯಾದವರು ಸ-ಪ-ಸ-ಪಗೆ ಬರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಪದೇ ಪದೇ ಅತ್ತಿಂದಿತ್ತ ಬದಲಾಯಿಸಿದರೆ ಮಾತ್ರ ಒಂದನೇ ತಂತಿ ಬಾಳುವುದಿಲ್ಲ.

ಗಮಕದ ಮಾತು ಬಂದೇ ಬರುತ್ತದೆ. ತೋಡಿಯ ಗಾಂಧಾರವನ್ನು ಮೂರನೇ ಫ್ರೆಟ್ಟಿನಲ್ಲಿ ನೇರವಾಗಿ ಒತ್ತಿದರೆ ಅದು ತೋಡಿ ಆಗುವುದಿಲ್ಲ. ಅದು ಅಲುಗಾಡಬೇಕು. ಜೋಡಿ ತಂತಿಯಲ್ಲಿ ಇದಕ್ಕೆ ಸುಲಭ ದಾರಿ ಜಾರು: ಒತ್ತಿದ ಬೆರಳನ್ನು ಎತ್ತದೆ ಫ್ರೆಟ್ಟಿನಿಂದ ಫ್ರೆಟ್ಟಿಗೆ ಜಾರಿಸುವುದು. ವೀಣೆಯಲ್ಲಿ ಮಾಡುವಂತೆ ತಂತಿಯನ್ನು ಪಕ್ಕಕ್ಕೆ ಎಳೆಯುವುದೂ ಆಗುತ್ತದೆ, ಎರಡೂ ತಂತಿ ಸಮನಾಗಿ ಎಳೆಯಬೇಕಾದ್ದರಿಂದ ಬೆರಳಿಗೆ ಬಲ ಬೇಕು. ಇದನ್ನು ಪುಸ್ತಕ, ವಿಡಿಯೊಗಳಿಂದ ಕಲಿಯುವುದು ಕಷ್ಟ, ಗುರುಗಳ ಎದುರು ಕೂರಲೇಬೇಕು. ಹತ್ತಿರದಲ್ಲಿ ಮ್ಯಾಂಡೊಲಿನ್ ಮೇಷ್ಟ್ರು ಸಿಗದಿದ್ದರೆ ಪಿಟೀಲು ಅಥವಾ ವೀಣೆ ಕಲಿಸುವವರ ಬಳಿ ಹೋಗಿ. ಹಾಡುಗಾರಿಕೆ ಕಲಿಸುವವರಾದರೂ ಸರಿ. ಬೆರಳು ನಿಮ್ಮದು, ರಾಗ ಅವರಿಂದ.

ಸರಳೆ, ಜಂಟಿಗಳ ಮುಂದಿನ ಪಾಠವಾದ ಅಲಂಕಾರಗಳು ಎರಡು ಕಾಲದಲ್ಲಿ ಸಲೀಸಾಗಿ ಬಂದ ಮೇಲೆ ಗೀತೆ. ಪುರಂದರದಾಸರ ಪಿಳ್ಳಾರಿ ಗೀತೆಗಳು ಮಲಹರಿಯಲ್ಲಿವೆ. ಮಲಹರಿ ಮಾಯಾಮಾಳವಗೌಳದ ಜನ್ಯರಾಗ, ಆದ್ದರಿಂದ ಹೊಸ ಜಾಗ ಯಾವುದೂ ಇಲ್ಲ. ಆರೋಹಣ ಸ ರಿ ಮ ಪ ದ ಸ: ಬಿಡಿ, ಒಂದು, ಐದು, ಪಕ್ಕದ ತಂತಿಯಲ್ಲಿ ಮತ್ತೆ ಬಿಡಿ, ಒಂದು, ಐದು. ಅವರೋಹಣ ಸ ದ ಪ ಮ ಗ ರಿ ಸ: ಮೂರನೇ ತಂತಿಯಲ್ಲಿ ಐದು, ಒಂದು, ಬಿಡಿ, ನಾಲ್ಕನೆಯದರಲ್ಲಿ ಐದು, ನಾಲ್ಕು, ಒಂದು, ಬಿಡಿ. ನಿಷಾದ ಈ ರಾಗದಲ್ಲಿ ಇಲ್ಲ, ಮೂರನೇ ತಂತಿಯ ನಾಲ್ಕನೇ ಫ್ರೆಟ್ ಮುಟ್ಟುವಂತಿಲ್ಲ. ಗಾಂಧಾರ ಇಳಿಯುವಾಗ ಮಾತ್ರ. ಸರಳೆಯಲ್ಲಿ ಬೆರಳಿಗೆ ನಾಲ್ಕರ ರೂಢಿ ಬಿದ್ದಿರುತ್ತದೆ, ಏರುವಾಗ ನಡುಬೆರಳು ತಾನಾಗಿ ಅಲ್ಲಿಗೆ ಹೋಗಲು ನೋಡುತ್ತದೆ. ಗೀತೆ ಶುರು ಮಾಡುವ ಮೊದಲು ಆರೋಹಣ, ಅವರೋಹಣಗಳನ್ನೇ ತಂಬೂರಿಯ ಜೊತೆ, ಹಾಡುತ್ತ, ಒಂದನೇ ಕಾಲದಲ್ಲಿ ಕೆಲವು ದಿನ ನುಡಿಸಿ.